ಆಮೇಲೆ ಹೇಳಿದ್ದು

ಪುಟ್ಟಿಗೆ ನಲವತ್ತೊಂದು ವರ್ಷ. ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿ ಎಷ್ಟೋ ಕಾಲವಾಗಿತ್ತು, ಆದರೂ ಬೀದಿಗೆಲ್ಲ ಅವಳು ಪುಟ್ಟಿಯೇ. ಅವಳ ದೆಸೆಯಿಂದ ಮನೆಯ ಉಳಿದವರೂ ತಮ್ಮ ಹೆಸರು ಕಳೆದುಕೊಂಡಿದ್ದರು. ಲಾಂಡ್ರಿಗೆ ಬಟ್ಟೆ ತರುವ ಗಿರಾಕಿಗಳು ಕೂಡ ಅವಳ ಅಣ್ಣನನ್ನು ಅಣ್ಣ ಎಂದೂ ಅಣ್ಣನ ಹೆಂಡತಿಯನ್ನು ಅತ್ತಿಗೆ ಎಂದೂ ಕರೆಯುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ನಡುವೆ ಹದಿನೇಳು ಕಡಿದಾದ ಮೆಟ್ಟಿಲು.

ಪುಟ್ಟಿಯ ಕೆಲಸ ಗುಂಡಿ ಹಾಕುವುದು. ಇಸ್ತ್ರಿಯಾದ ಅಂಗಿ ಮುಂದೆ ಬಂದೊಡನೆ ಮೇಲಿನ ಗುಂಡಿ, ನಡುವಿನ ಗುಂಡಿ, ಕೆಳಗಿನ ಗುಂಡಿ ಹಾಕಿ, ಅಂಗೈಯಿಂದ ಒಮ್ಮೆ ಸವರಿ, ಅತ್ತಿಗೆಯ ಕಡೆ ತಳ್ಳುವಳು. ಮಡಿಸುವುದು ಅತ್ತಿಗೆ. ದಿನಕ್ಕೆ ಎಂಬತ್ತು ಅಂಗಿಯಾದರೂ ಅವಳ ಕೈಯಲ್ಲಿ ಒಂದು ಗುಂಡಿ ತಪ್ಪುತ್ತಿರಲಿಲ್ಲ. ಅಕ್ಷರ, ಗಡಿಯಾರ, ದುಡ್ಡು ಇವು ಮಾತ್ರ ಅವಳ ತಲೆಗೆ ಹತ್ತಲಿಲ್ಲ. ಹತ್ತಿಸಲು ಅಮ್ಮ ಮಾಡದ ಪ್ರಯತ್ನವಿರಲಿಲ್ಲ. ಕೊನೆಗೆ ಕೈಚೆಲ್ಲಿ, ಕೋರ್ಟಿನಿಂದ ಕಾಗದ ಮಾಡಿಸಿಕೊಂಡು, ಅವಳ ಪರವಾಗಿ ತಾನೇ ಸಹಿ ಹಾಕುತ್ತಾ ಬಂದಿದ್ದಳು.

ಆ ಅಮ್ಮ ಹೋಗಿ ಏಳು ವಾರವಾಗಿತ್ತು. ಪುಟ್ಟಿ ಅತ್ತಿರಲಿಲ್ಲ. ಅಮ್ಮನ ಮಂಚದ ಅರ್ಧ ಜಾಗ ಬಿಟ್ಟು, ಗೋಡೆಯ ಪಕ್ಕದ ಅರ್ಧದಲ್ಲೇ ಮಲಗುತ್ತಿದ್ದಳು. ಮೊದಲು ಅಮ್ಮ ಮಗಳು ಸಂಜೆಯೇ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಉಳಿದವರದು ಅಂಗಡಿ ಮುಚ್ಚಿದ ಮೇಲೆ. ಈಗ ಪುಟ್ಟಿ ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು, ತಟ್ಟೆಯಲ್ಲಿ ಹಾಕಿಟ್ಟದ್ದನ್ನು ಉಂಡು, ತಟ್ಟೆ ತೊಳೆದು ಬೋರಲು ಹಾಕುತ್ತಿದ್ದಳು. ಕೆಳಗೆ ಎಲ್ಲರಿಗೂ ಕೈತುಂಬ ಕೆಲಸ. ಯಾರಿಗೂ ಅದು ತಪ್ಪು ಎನಿಸಲಿಲ್ಲ.

ಎಂಟನೆಯ ವಾರ ಅವಳ ಕೆನ್ನೆ ಊದಿಕೊಂಡಿತು. ಅಣ್ಣ, ಅತ್ತಿಗೆ ಇಬ್ಬರೂ ಅವಳನ್ನು ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದರು.

"ನಾಲ್ಕು ಹಲ್ಲು ತೆಗೀಬೇಕು," ಎಂದರು ಡಾಕ್ಟರು. "ಎಚ್ಚರವಾಗಿಟ್ಟು ಇವರಿಗೆ ಮಾಡೋಕಾಗಲ್ಲ, ಅರಿವಳಿಕೆ ಕೊಡ್ಬೇಕು. ಸಹಿ ಯಾರದು?"

"ನಂದೇ. ನಾನು ಅವಳ ಅಣ್ಣ."

"ಕೋರ್ಟಿನ ಆದೇಶ ಇದೆಯಾ?"

"ಅಮ್ಮನ ಹೆಸರಲ್ಲಿತ್ತು. ಅಮ್ಮ ಈಗಿಲ್ಲ."

"ಹಾಗಾದ್ರೆ ಆ ಆದೇಶಾನೂ ಇಲ್ಲ ಅಂತಾಯ್ತು. ಹೊಸದು ತನ್ನಿ."

ಅಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. "ಒಡಹುಟ್ಟಿದವಳ ಹಲ್ಲು ಕೀಳಿಸೋಕೆ ಜಡ್ಜ್ ಸಾಹೇಬ್ರ ಅಪ್ಪಣೆ ಬೇಕೇನ್ರೀ?"

"ವಯಸ್ಸಿಗೆ ಬಂದವರು ಇವರು. ಯಾರೋ ಬಂದು ನಿಮ್ಮ ಪರವಾಗಿ ಸಹಿ ಹಾಕಿ, ನಿಮ್ಮ ಹಲ್ಲು ಕೀಳಿಸಿದ್ರೆ ಸುಮ್ನಿರ್ತೀರಾ?" ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಆದೇಶ ಬರುವವರೆಗೆ ಮಾತ್ರೆಯೇ ಗತಿ.

ವಕೀಲರ ಹತ್ತಿರ ಹೋಗಿದ್ದು ಹಲ್ಲಿಗಾಗಿ. ಬರುವಾಗ ಅಣ್ಣ ಬೇರೆ ಸಂಗತಿಯನ್ನೇ ತಲೆಯಲ್ಲಿ ಹೊತ್ತು ತಂದ. ಊಟಕ್ಕೆ ಕೂತಾಗ, ಬ್ರೆಡ್ಡನ್ನು ಬೇಕಿಲ್ಲದಷ್ಟು ಸಣ್ಣದಾಗಿ ಮುರಿಯುತ್ತಾ ಹೇಳಿದ: "ಪುಟ್ಟಿ ಎಲ್ಲಿ ಇರ್ತಾಳೆ ಅಂತಾನೂ ಅರ್ಜೀಲಿ ಬರೀಬೇಕಂತೆ. ಊರಾಚೆ ಒಂದು ಆರೈಕೆ ಮನೆ ಇದೆ. ಹನ್ನೆರಡು ಜನ ಇದ್ದಾರೆ. ಒಂದು ಮಂಚ ಖಾಲಿ ಇದೆಯಂತೆ."

ಹದಿನಾರು ವರ್ಷದ ಮಗಳು ಚಮಚ ಕೆಳಗಿಟ್ಟಳು. "ಪುಟ್ಟತ್ತೇನ ಕಳಿಸ್ತೀಯಾ ಅಪ್ಪಾ?"

"ಕಳಿಸ್ತೀನಿ ಅಂದ್ನಾ? ಮಂಚ ಖಾಲಿ ಇದೆ ಅಂದೆ."

"ಅಂಗಡಿಗೆ ಬಂದೋರು ಪ್ಯಾಂಟಿನ ಬೆಲೆ ಕೇಳಿದ್ರೆ ಪ್ಯಾಂಟ್ ಒಗೆಸೋಕೆ ಬಂದಿದ್ದಾರೆ ಅಂತಾನೇ ಅರ್ಥ."

"ಬಾಯಿ ಜಾಸ್ತಿಯಾಯ್ತು ನಿಂದು. ನಿಮ್ಮಮ್ಮನ ಸೊಂಟ ನೋಡು. ಭಾರ ಎತ್ತಬಾರದು ಅಂತ ಡಾಕ್ಟ್ರು ಹೇಳಿ ಒಂದು ವರ್ಷ ಆಯ್ತು. ಇವಳಿಗೆ ಸ್ನಾನ ಮಾಡ್ಸೋರು ಯಾರು, ಮೆಟ್ಟಿಲು ಇಳಿಸೋರು ಯಾರು? ನೀನಾ?"

"ಮಾಡ್ತೀನಿ."

"ಪರೀಕ್ಷೆ ಮುಗಿಸಿ ಬೇರೆ ಊರಿಗೆ ಓದೋಕೆ ಹೋಗೋಳು, ಮಾಡ್ತಾಳಂತೆ."

ಅತ್ತಿಗೆ ಇಬ್ಬರಿಗೂ ಇನ್ನಷ್ಟು ಆಲೂಗಡ್ಡೆ ಬಡಿಸಿದಳು. ಬಾಗಿದಾಗ ಎಡಗೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಅವಳು ಬೇಡ ಎನ್ನಲಿಲ್ಲ. ಗಂಡ ಅದನ್ನು ಒಪ್ಪಿಗೆ ಎಂದೇ ತಿಳಿದ, ಅದು ಒಪ್ಪಿಗೆಯೇ ಆಗಿತ್ತು. ಬೆಳಿಗ್ಗೆ ಎದ್ದೊಡನೆ ಹದಿನೇಳು ಮೆಟ್ಟಿಲು ಕಣ್ಣಮುಂದೆ ಬರುತ್ತಿದ್ದವಳಿಗೆ, ಖಾಲಿ ಮಂಚದ ಮಾತು ಕೇಳಿ ಒಳಗೊಳಗೇ ಹಾಯೆನಿಸಿತು. ಹಾಗೆನಿಸಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟೂ ಬಂತು.

ಮೂರು ವಾರದ ಮೇಲೆ ಕೋರ್ಟಿನಿಂದ ವಿಚಾರಣೆಯ ಅಧಿಕಾರಿ ಬಂದರು. ಐವತ್ತರ ಹೆಂಗಸು, ದಪ್ಪ ಕನ್ನಡಕ, ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರು. ಪುಟ್ಟಿಯ ಎದುರು ಕುರ್ಚಿ ಎಳೆದುಕೊಂಡು ಗಡಿಯಾರ ತೋರಿಸಿದರು, ನೋಟು ತೋರಿಸಿದರು. ಪುಟ್ಟಿ ಎರಡನ್ನೂ ಅಂಗೈಯಿಂದ ಸವರಿ ವಾಪಸು ಕೊಟ್ಟಳು. ಆಮೇಲೆ ಅವರು ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದರು:

"ನೀವು ಇಲ್ಲಿ, ಅಣ್ಣನ ಮನೇಲೇ ಇರ್ತೀರೋ, ಇಲ್ಲಾ ಆ ಆರೈಕೆ ಮನೆಗೆ ಹೋಗ್ತೀರೋ?"

"ಆರೈಕೆ ಮನೆಗೆ ಹೋಗ್ತೀನಿ," ಎಂದಳು ಪುಟ್ಟಿ, ಒಂದು ಕ್ಷಣವೂ ತಡಮಾಡದೆ.

ಅಧಿಕಾರಿ ಬರೆದುಕೊಂಡರು. ಅಣ್ಣ ಚಹಾದ ಲೋಟವನ್ನು ಅವರ ಮುಂದೆ ಸರಿಸಿದ. ಬಾಗಿಲಲ್ಲಿ ನಿಂತಿದ್ದ ಮಗಳು ಮಾತ್ರ ತಡೆಯದೆ, "ಅದನ್ನೇ ತಿರುಗಿಸಿ ಕೇಳಿ ಮೇಡಂ!" ಎಂದಳು.

"ನೀನು ಒಳಗೆ ಹೋಗು," ಎಂದ ಅಣ್ಣ.

"ಒಂದೇ ಒಂದು ಸಲ..."

"ಒಳಗೆ ಹೋಗು ಅಂದೆ!"

ಅಧಿಕಾರಿ ಕನ್ನಡಕದ ಮೇಲಿಂದ ಒಬ್ಬೊಬ್ಬರನ್ನೂ ನೋಡಿದರು. ಎಳೆ ವಯಸ್ಸಿನ ಹಟವೆಂದುಕೊಂಡರೋ ಏನೋ, ಚಹಾ ಮುಗಿಸಿ ಇಳಿದುಹೋದರು.

ಆ ಮನೆಯ ಹೊರಗಿನವರಿಗೆ ಗೊತ್ತಿಲ್ಲದ್ದು ಒಂದಿತ್ತು. ಪುಟ್ಟಿಗೆ ಎರಡು ಹೇಳಿ ಯಾವುದು ಬೇಕೆಂದು ಕೇಳಿದರೆ, ಅವಳು ಯಾವಾಗಲೂ ಕೊನೆಯಲ್ಲಿ ಹೇಳಿದ್ದನ್ನೇ ಆರಿಸುತ್ತಿದ್ದಳು. ಅತ್ತಿಗೆ ಮದುವೆಯಾಗಿ ಬಂದ ಮೊದಲ ವಾರವೇ ಅಮ್ಮ ಈ ಗುಟ್ಟನ್ನು ಅವಳಿಗೆ ದಾಟಿಸಿದ್ದಳು: "ಅವಳ ಹತ್ರ ಹಟಕ್ಕೆ ಬೀಳ್ಬೇಡ. ಎರಡು ಹೇಳು, ನಿನಗೆ ಬೇಕಾದ್ದು ಆಮೇಲೆ ಹೇಳು." ಅಂದಿನಿಂದ ಮನೆ ಹಾಗೆಯೇ ನಡೆದಿತ್ತು. "ಸಂಜೆ ಸ್ನಾನ ಮಾಡ್ತೀಯೋ, ಈಗ್ಲೇ ಮಾಡ್ತೀಯೋ?" "ಈಗ್ಲೇ." "ಹೊರಗೆ ಹೋಗ್ತೀಯೋ, ಅಂಗಿ ಮುಗಿಸ್ತೀಯೋ?" "ಅಂಗಿ ಮುಗಿಸ್ತೀನಿ." ಮಗಳು ಕೂಡ ಏಳು ವರ್ಷದವಳಿದ್ದಾಗ, "ನೀನೇ ಸೇಬು ತಿಂತೀಯೋ, ನಂಗೆ ಕೊಡ್ತೀಯೋ ಪುಟ್ಟತ್ತೆ?" ಎಂದು ಕೇಳಿ ಎಷ್ಟು ಸೇಬು ಹೊಡೆದಿದ್ದಳೋ! ಜಗಳವಿಲ್ಲ, ಅಳುವಿಲ್ಲ. ಪುಟ್ಟಿಯಂಥ ಮಾತು ಕೇಳುವ ಮಗು ಇನ್ನೊಂದಿಲ್ಲವೆಂದು ಅಮ್ಮ ಬೀದಿಯವರ ಮುಂದೆ ಬೀಗುತ್ತಿದ್ದಳು.

ಅಧಿಕಾರಿ ಹೋದ ಮೇಲೆ ಮಗಳು ಅಪ್ಪನ ಜೊತೆ ಮಾತು ಬಿಟ್ಟಳು. ಊಟದ ಹೊತ್ತಿಗೆ ಉಪ್ಪು ಬೇಕಾದರೂ ಅಮ್ಮನ ಮೂಲಕವೇ.

"ಉಪ್ಪು ಕೊಡೋಕೆ ಹೇಳಮ್ಮ."

"ನಾನೇನು ಅವಳಿಗೆ ಆ ಪ್ರಶ್ನೆ ಹೇಳಿಕೊಟ್ನಾ?" ಎಂದು ಅಣ್ಣ ರೇಗಿದ. "ಅವರಾಗೇ ಹಾಗೆ ಕೇಳಿದ್ರು. ಇವಳಾಗೇ ಹೇಳಿದಳು."

ಮಗಳು ಮಾತು ಬಿಟ್ಟಿದ್ದನ್ನೂ ಮರೆತಳು. "ನಿನಗೆ ಗೊತ್ತಿತ್ತು ಅಪ್ಪಾ. ಗೊತ್ತಿದ್ದೂ ಸುಮ್ನಿದ್ದೆ. ಅಮ್ಮಾನೂ ಸುಮ್ನಿದ್ಲು."

ಈ ಕೊನೆಯ ಮಾತು ಅತ್ತಿಗೆಗೆ ನಾಟಿತು. ಹತ್ತು ದಿನ ಅವಳು ಅಂಗಿ ಮಡಿಸುತ್ತಾ, ಎದುರಿಗೆ ಗುಂಡಿ ಹಾಕುವ ಪುಟ್ಟಿಯನ್ನೇ ನೋಡಿದಳು. ಮಾತ್ರೆಯಿಂದ ಊತ ಇಳಿದಿತ್ತು, ಆದರೆ ಒಂದೇ ಬದಿಯಲ್ಲಿ ಅಗಿಯುತ್ತಿದ್ದಳು. ಹನ್ನೊಂದನೆಯ ದಿನ ಅತ್ತಿಗೆ ಗಂಡನಿಗೆ ಸೋಪು ತರುತ್ತೇನೆಂದು ಹೇಳಿ ಅಧಿಕಾರಿಯ ಕಚೇರಿಗೆ ಹೋದಳು. ಎಲ್ಲವನ್ನೂ ಹೇಳಿದಳು.

ಅಧಿಕಾರಿ ಪೆನ್ನು ಕೆಳಗಿಟ್ಟರು. "ಇದನ್ನ ನೀವು ಬಂದು ಹೇಳದೇ ಇದ್ದಿದ್ರೆ ನಿಮ್ಮ ಕೆಲಸ ಸುಲಭವಾಗಿ ಆಗ್ತಿತ್ತಲ್ಲ?"

"ಆಗ್ತಿತ್ತು ಮೇಡಂ. ಸ್ನಾನ ಮಾಡ್ಸೋದು, ಇಳಿಸೋದು, ಹತ್ತಿಸೋದು ಎಲ್ಲ ನಂದೇ. ಅವಳು ಹೋದ್ರೆ ಮೊದಲು ಸುಧಾರಿಸಿಕೊಳ್ಳೋಳು ನಾನೇ. ಆದ್ರೆ ಮೋಸ ಮಾಡಿ ಕಳಿಸಿದೆ ಅಂತ ಆಗ್ಬಾರದು."

"ಸರಿ. ಈ ಸಲ ಮಾತೇ ಬೇಡ. ಫೋಟೋ ತರ್ತೀನಿ. ಅವರೊಬ್ಬರೇ ಇದ್ದಾಗ ಕೇಳೋದು ಒಳ್ಳೇದು."

"ನಾನಿಲ್ಲದೆ ಅವಳು ಹೊಸಬರ ಹತ್ರ ಕೂರಲ್ಲ. ಎದ್ದು ಹೋಗ್ತಾಳೆ."

"ಹಾಗಾದ್ರೆ ನೀವಿರಿ. ಬಾಯಿ ಮಾತ್ರ ಬಿಡಬೇಡಿ."

ಅಧಿಕಾರಿ ಹೇಳಿದ ದಿನಕ್ಕೆ ಬಂದರು. ಅಣ್ಣ ಕೆಳಗೆ ಅಂಗಡಿಯಲ್ಲಿದ್ದ, ಮಗಳು ಮನೆಯಲ್ಲಿರಲಿಲ್ಲ. ಹಿಂದಿನ ದಿನವಷ್ಟೇ ಕಂಬಳಿಗಳ ಗಂಟು ಎತ್ತಿ ಅತ್ತಿಗೆಯ ಸೊಂಟ ಹಿಡಿದುಕೊಂಡಿತ್ತು. ಬಿಸಿನೀರಿನ ಚೀಲ ಕಟ್ಟಿಕೊಂಡು, ಹಲ್ಲುಕಚ್ಚಿ ಕೂತಿದ್ದಳು. ಅಧಿಕಾರಿ ಎರಡು ಫೋಟೋಗಳನ್ನು ಮೇಜಿನ ಮೇಲೆ ಇಟ್ಟರು. ಒಂದರಲ್ಲಿ ಈ ಮನೆಯ ಅಡುಗೆಮನೆ, ಪುಟ್ಟಿಯ ಕುರ್ಚಿ. ಇನ್ನೊಂದರಲ್ಲಿ ಆರೈಕೆ ಮನೆಯ ಉದ್ದನೆಯ ಊಟದ ಮೇಜು, ಸುತ್ತ ಹನ್ನೆರಡು ಜನ. ಯಾವ ಮನೆ ಬೇಕೋ ಮುಟ್ಟಿ ತೋರಿಸು ಎಂದು ಕೈಸನ್ನೆ ಮಾಡಿದರು.

ಪುಟ್ಟಿ ಎಂದಿನಂತೆ ಥಟ್ಟನೆ ಉತ್ತರ ಕೊಡಲಿಲ್ಲ. ಫೋಟೋ ನೋಡಿದಳು. ಅತ್ತಿಗೆಯನ್ನು ನೋಡಿದಳು, ತುಂಬ ಹೊತ್ತು ನೋಡಿದಳು. ಅತ್ತಿಗೆ ಕಣ್ಣು ತಗ್ಗಿಸಿದಳು. ಪುಟ್ಟಿಯ ಬೆರಳು ಉದ್ದನೆಯ ಮೇಜಿನ ಮೇಲೆ ಬಂದು ನಿಂತಿತು. ಅಧಿಕಾರಿ ಫೋಟೋಗಳನ್ನು ಅದಲು ಬದಲು ಮಾಡಿದರು. ಅದೇ ಮೇಜು. ಮೇಲೆ ಕೆಳಗೆ ಇಟ್ಟರು. ಅದೇ ಮೇಜು.

"ಇನ್ನು ಅನುಮಾನ ಇಲ್ಲ," ಎಂದರು ಅಧಿಕಾರಿ.

ಅತ್ತಿಗೆಗೆ ಕೆನ್ನೆಗೆ ಹೊಡೆದಂತಾಯಿತು. ಇಪ್ಪತ್ತು ವರ್ಷ ತಲೆ ಬಾಚಿ, ಉಗುರು ಕತ್ತರಿಸಿ, ಜ್ವರದಲ್ಲಿ ಹಣೆ ಒರೆಸಿದ ಮನೆಗಿಂತ, ಕಂಡು ಕೇಳರಿಯದ ಹನ್ನೆರಡು ಜನರ ಮೇಜು ಹೆಚ್ಚಾಯಿತೇ ಇವಳಿಗೆ? ಆಮೇಲೆ ಅಡುಗೆಮನೆಯ ಫೋಟೋದಲ್ಲಿದ್ದ ಒಂಟಿ ಕುರ್ಚಿ ಕಣ್ಣಿಗೆ ಬಿತ್ತು. ಸಂಜೆಯ ಒಂಟಿ ಊಟ ನೆನಪಾಯಿತು. ಹೆಚ್ಚಾಗದೆ ಇನ್ನೇನು, ಎಂದುಕೊಂಡಳು.

ಮಗಳಿಗೆ ಹೇಳಿದಾಗ ಅವಳು ನಂಬಲಿಲ್ಲ. "ಮೂರು ಸಲಾನೂ?"

"ಮೂರು ಸಲಾನೂ."

"ನಮ್ಮನ್ನ ಬಿಟ್ಟು?" ಎಂದು ಕೇಳಿ, ಹುಡುಗಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಆದೇಶ ಬಂತು. ಪೋಷಕ ಅಣ್ಣ, ಹಲ್ಲಿಗೂ ಉಳಿದೆಲ್ಲಕ್ಕೂ ಅವನದೇ ಸಹಿ. ಆರೈಕೆ ಮನೆಯಲ್ಲಿ ಆರು ತಿಂಗಳು ಇಟ್ಟು ನೋಡುವುದು, ಆಮೇಲೆ ಅಧಿಕಾರಿ ಮತ್ತೆ ಬಂದು ವಿಚಾರಿಸುವುದು. ನಾಲ್ಕು ಹಲ್ಲು ಕೀಳಿಸಿ, ಬಾಯಿ ಮಾಗುವ ತನಕ ಮನೆಯಲ್ಲಿಟ್ಟುಕೊಂಡು, ಒಂದು ಸೋಮವಾರ ಅಣ್ಣ ಅವಳನ್ನು ಬಿಟ್ಟುಬಂದ. ಬಂದವನೇ ಇಸ್ತ್ರಿ ಹಿಡಿದ.

"ಅತ್ಲಾ?" ಎಂದು ಕೇಳಿದಳು ಅತ್ತಿಗೆ.

"ಇಲ್ಲ."

"ಏನಾದ್ರೂ ಅಂದ್ಲಾ?"

"'ನೀನೇ ಒಳಗೆ ಹೋಗ್ತೀಯಾ, ನಾನೂ ಜೊತೆಗೆ ಬರ್ಲಾ' ಅಂದೆ. 'ನೀನೂ ಬಾ' ಅಂದ್ಲು. ಆಮೇಲೆ..." ಅಣ್ಣ ಅಂಗಿಯ ಒಂದೇ ತೋಳನ್ನು ಎರಡು ಸಲ ಇಸ್ತ್ರಿ ಮಾಡಿದ. "ಆಮೇಲೆ ನಾನು ಬಂದ್ಬಿಟ್ಟೆ."

ಮನೆ ಹಗುರವಾಗಬೇಕಿತ್ತು. ಬೆಳಗಿನ ಸ್ನಾನದ ಗಡಿಬಿಡಿ ಇಲ್ಲ, ಮೆಟ್ಟಿಲ ಮೇಲೆ ತೋಳು ಹಿಡಿಯುವುದಿಲ್ಲ. ಸೊಂಟದ ನೋವು ನಿಜಕ್ಕೂ ಕಡಿಮೆಯಾಯಿತು. ಆದರೆ ಅಂಗಡಿಯ ಉದ್ದ ಮೇಜಿನಾಚೆ ಯಾರೂ ಇರಲಿಲ್ಲ. ಅತ್ತಿಗೆಯೇ ಗುಂಡಿ ಹಾಕಿ ಅತ್ತಿಗೆಯೇ ಮಡಿಸಬೇಕಾಯಿತು. ನಡುವಿನ ಗುಂಡಿ ಪದೇ ಪದೇ ಮರೆಯುತ್ತಿತ್ತು. ಗಿರಾಕಿಯೊಬ್ಬರು ತಂದು ತೋರಿಸಿದರು, "ಏನ್ ಅತ್ತಿಗೆ, ಅಂಗಿ ಹೊಟ್ಟೆ ಬಿಟ್ಕೊಂಡಿದೆ?" ನಗಬೇಕಾದ ಮಾತಿಗೆ ನಗು ಬರಲಿಲ್ಲ.

"ಚಹಾ ಈಗ್ಲೇ ಬೇಕೋ, ಆಮೇಲೆ ಮಾಡ್ಲೋ?" ಎಂದು ಗಂಡನನ್ನು ಕೇಳಿದಳು ಒಂದು ಮಧ್ಯಾಹ್ನ.

"ಯಾವಾಗಾದ್ರೂ ಮಾಡು," ಎಂದ ಅವನು, ತಲೆ ಎತ್ತದೆ.

ಹದಿನೇಳು ಮೆಟ್ಟಿಲು ಹತ್ತಿ ಹೋಗಿ ಅತ್ತಿಗೆ ಒಲೆಯ ಮೇಲೆ ನೀರಿಟ್ಟಳು. ಈ ಮನೆಯಲ್ಲಿ ತನ್ನ ಮಾತನ್ನು ಕೊನೆಯ ತನಕ ಕೇಳಿ ಉತ್ತರ ಕೊಡುತ್ತಿದ್ದವಳು ಪುಟ್ಟಿ ಒಬ್ಬಳೇ ಎಂದು ಅವಳಿಗೆ ಆಗ ಗೊತ್ತಾಯಿತು. ಗೊತ್ತಾಗಿ ಏನು ಪ್ರಯೋಜನ, ನೀರು ಕುದಿಯುತ್ತಿತ್ತು, ಪುಡಿ ಹಾಕಿದಳು.

ಭಾನುವಾರ ಅಂಗಡಿಗೆ ರಜೆ. ಅತ್ತಿಗೆ ಪ್ರತಿ ಭಾನುವಾರ ಬಸ್ಸು ಹಿಡಿದು ಊರಾಚೆ ಹೋಗುತ್ತಿದ್ದಳು. ಅಣ್ಣ ಎರಡು ವಾರ ಬಂದ, ಮೂರನೆಯ ವಾರ ಯಂತ್ರ ರಿಪೇರಿಯ ನೆವ ಹೇಳಿದ. ಮಗಳಿಗೆ ಪರೀಕ್ಷೆ. ನಾಲ್ಕನೆಯ ಭಾನುವಾರ ಅತ್ತಿಗೆ ಒಬ್ಬಳೇ, ಚೀಲದಲ್ಲಿ ಮೆತ್ತಗೆ ಬೇಯಿಸಿದ ಸೇಬಿನ ಡಬ್ಬಿ.

ಆರೈಕೆ ಮನೆ ಚೊಕ್ಕಟವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ನೋಡಿಕೊಳ್ಳುವ ಹೆಂಗಸು ಒಳ್ಳೆಯವಳು. "ನಿಮ್ಮ ಪುಟ್ಟಿಯಿಂದ ಒಂದು ತಂಟೆ ಇಲ್ಲ. ಬೆಳಿಗ್ಗೆ ಎಲ್ಲರ ಅಂಗಿಗೂ ಗುಂಡಿ ಹಾಕಿ ಕೊಡ್ತಾಳೆ. ಏನು ಹೇಳಿದ್ರೂ ಕೇಳ್ತಾಳೆ," ಎಂದಳು. ಉದ್ದನೆಯ ಮೇಜು ಫೋಟೋದಲ್ಲಿದ್ದಂತೆಯೇ ಇತ್ತು. ಅದರ ಒಂದು ತುದಿಯಲ್ಲಿ ಪುಟ್ಟಿ ಕೂತಿದ್ದಳು, ಗೋಡೆಯ ಕಡೆಗೆ, ಪಕ್ಕದ ಅರ್ಧ ಬೆಂಚು ಖಾಲಿ ಬಿಟ್ಟು.

ಅತ್ತಿಗೆ ಆ ಖಾಲಿ ಜಾಗದಲ್ಲಿ ಕೂತಳು. ಸೇಬು ತಿನ್ನಿಸಿದಳು. ಅಂಗಡಿಯ ಸುದ್ದಿ ಹೇಳಿದಳು, ಹೊಟ್ಟೆ ಬಿಟ್ಟ ಅಂಗಿಯ ಸುದ್ದಿಯನ್ನೂ ಹೇಳಿದಳು. ಪುಟ್ಟಿ ಹಲ್ಲಿಲ್ಲದ ಬದಿಯಿಂದ ಸ್ವಲ್ಪ ನಕ್ಕಳು. ಐದರ ಬಸ್ಸಿಗೆ ಹತ್ತು ನಿಮಿಷವಿದ್ದಾಗ ಅತ್ತಿಗೆ ಎದ್ದು ಸ್ವೆಟರು ಹಾಕಿಕೊಂಡಳು. ಪುಟ್ಟಿ ಕೈಚಾಚಿ ಅದರ ಗುಂಡಿ ಹಾಕಿದಳು, ಮೇಲಿನದು, ನಡುವಿನದು, ಕೆಳಗಿನದು. ಅಂಗೈಯಿಂದ ಸವರಿದಳು. ಕೈ ತೆಗೆಯಲಿಲ್ಲ.

"ಅತ್ತಿಗೆ, ಬಸ್ಸಿಗೆ ಹೋಗ್ತೀಯೋ," ಎಂದಳು. ನಿಲ್ಲಿಸಿದಳು, ಅಮ್ಮ ನಿಲ್ಲಿಸುತ್ತಿದ್ದಂತೆಯೇ. "ಇಲ್ಲೇ ಇರ್ತೀಯೋ?"

ಇಪ್ಪತ್ತು ವರ್ಷದಲ್ಲಿ ಪುಟ್ಟಿ ಯಾರನ್ನೂ ಹಾಗೆ ಕೇಳಿದ್ದು ಅತ್ತಿಗೆ ಕಂಡಿರಲಿಲ್ಲ.

"ಹೀಗೆ ಕೇಳೋದು ನಿಂಗೆ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಬೇಕಾದ್ದು ಆಮೇಲೆ ಹೇಳೋದು." ಮಕ್ಕಳಿಗೂ ಗೊತ್ತಿರುವ ಸಂಗತಿ ಎಂಬಂತೆ ಹೇಳಿದಳು ಪುಟ್ಟಿ. "ಅಮ್ಮಂಗೆ ಬೇಕಾದ್ದು ಅಮ್ಮ ಆಮೇಲೆ ಹೇಳ್ತಾಳೆ. ನೀನೂ ಆಮೇಲೆ ಹೇಳ್ತೀಯ. ನಾನು ಅದನ್ನೇ ಹೇಳ್ತೀನಿ. ನಿಂಗೆ ಖುಷಿ ಆಗುತ್ತೆ."

"ಮತ್ತೆ ಆ ಫೋಟೋ? ಅವತ್ತು ಯಾರೂ ಏನೂ ಹೇಳ್ಲಿಲ್ವಲ್ಲ ಪುಟ್ಟಿ. ನೀನೇ ಮುಟ್ಟಿದೆ."

"ಯಾರೂ ಹೇಳ್ಲಿಲ್ಲ," ಎಂದು ಪುಟ್ಟಿ ಒಪ್ಪಿಕೊಂಡಳು. "ನಿನ್ನ ಸೊಂಟ ನೋಡ್ದೆ."

ಅತ್ತಿಗೆ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ಬುದ್ಧಿ ಇಲ್ಲವೆಂದು ಕೋರ್ಟು ಬರೆದುಕೊಟ್ಟವಳು ಮನೆಯವರ ಮನಸ್ಸನ್ನೆಲ್ಲ ಓದಿಕೊಂಡು ಕೂತಿದ್ದಳು. ಬುದ್ಧಿ ಇದೆಯೆಂದುಕೊಂಡ ನಾಲ್ಕು ಜನ ಅವಳ ಮನಸ್ಸನ್ನು ಒಂದು ದಿನವೂ ಓದಿರಲಿಲ್ಲ. ಅತ್ತಿಗೆ ಚೀಲದಿಂದ ಫೋನು ತೆಗೆದಳು.

"ರೀ, ಐದರ ಬಸ್ಸಿಗೆ ನಾನು ಬರ್ತಿಲ್ಲ."

"ಯಾಕೆ? ಏನಾಯ್ತು ಅವಳಿಗೆ?"

"ಏನೂ ಆಗಿಲ್ಲ. ನಾಳೆ ಆ ಅಧಿಕಾರಿ ಹತ್ರ ಹೋಗ್ಬೇಕು. ಈ ಸಲ ನೀವೂ ಬನ್ನಿ."

"ಆರು ತಿಂಗಳು ಅಂತ ಇದೆಯಲ್ಲೇ. ಅವಳೇ ಆರಿಸಿಕೊಂಡಿದ್ದಲ್ವಾ?"

"ನಾವು ಅವಳನ್ನ ಇನ್ನೂ ಕೇಳೇ ಇಲ್ಲ ರೀ," ಎಂದು ಹೇಳಿ ಅತ್ತಿಗೆ ಫೋನು ಇಟ್ಟಳು.

ಪುಟ್ಟಿಯ ಎರಡೂ ಕೈ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಸೊಂಟವನ್ನು ಆದಷ್ಟು ನೆಟ್ಟಗೆ ಮಾಡಿದಳು. ಮುಖದಲ್ಲಿ ಏನೂ ಕಾಣದಂತೆ ಇರಬೇಕೆಂದು ನೋಡಿದಳು, ಆದರೆ ಕಣ್ಣು ಮಾತು ಕೇಳಲಿಲ್ಲ.

"ಪುಟ್ಟಿ, ನಿಂಗೇನು ಬೇಕು?"

ಪುಟ್ಟಿ ಕಾದಳು. ಅತ್ತಿಗೆಯ ತುಟಿಯನ್ನೇ ನೋಡುತ್ತಾ ಕಾದಳು.

"ಆಮೇಲೆ?" ಎಂದು ಕೇಳಿದಳು.

"ಆಮೇಲೆ ಏನೂ ಇಲ್ಲ. ಅಷ್ಟೇ."

ಪುಟ್ಟಿಯ ಮುಖದಲ್ಲಿ ಗಾಬರಿ ಕಂಡಿತು. ಅವಳು ಮೇಜನ್ನು ನೋಡಿದಳು, ಬಾಗಿಲನ್ನು ನೋಡಿದಳು, ತನ್ನ ಅಂಗೈಗಳನ್ನು ನೋಡಿಕೊಂಡಳು. ಹೊರಗೆ ಐದರ ಬಸ್ಸು ಬಂದು ಹಾರ್ನ್ ಹೊಡೆಯಿತು.

"ಬಸ್ಸು," ಎಂದಳು ಪುಟ್ಟಿ.

"ಹೋಗ್ಲಿ ಬಿಡು. ನೀನು ಯೋಚನೆ ಮಾಡು."

ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಒಂದೂವರೆ ಗಂಟೆ ಇತ್ತು. ಅತ್ತಿಗೆ ಸ್ವೆಟರಿನ ಮೂರು ಗುಂಡಿಗಳನ್ನೂ ಬಿಚ್ಚಿ, ಪುಟ್ಟಿಯ ಪಕ್ಕದಲ್ಲಿ ಕಾಯುತ್ತಾ ಕೂತಳು.